ಕುದುರೆ ದಾರಿಯ ಕೂಲಿ

"ಕೂಲಿ ಎಷ್ಟು ಕೊಡ್ತಾರೆ?"

ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಶನಿವಾರ ಫೋನು ಯಾಕೆ ಎತ್ತಲಿಲ್ಲ ಎಂಬ ವಿಚಾರಣೆ ನಡೆದಿತ್ತು. ನಮ್ಮೂರ ಹತ್ತಿರ ಕುದುರೆ ಸವಾರರು ಓಡಾಡುವ ಒಂದು ಹಳೇ ದಾರಿ ಇದೆ, ಮುಳ್ಳು ಮುಚ್ಚಿಕೊಂಡಿತ್ತು, ಸವರೋಕೆ ಹೋಗಿದ್ದೆ ಎಂದೆ. (ನಮ್ಮೂರು ಎಂದರೆ ಈಗ ಇಂಗ್ಲೆಂಡಿನ ಹೈ ವಿಕಂಬ್. ಅಮ್ಮನ ಪಾಲಿಗೆ ನಮ್ಮೂರು ಎಂದರೆ ತಿಪಟೂರಿನ ಪಕ್ಕದ್ದು ಮಾತ್ರ. ಈ ಒಂದು ಪದಕ್ಕೆ ನಮ್ಮಿಬ್ಬರ ನಡುವೆ ಆಗಾಗ ಗಡಿ ತಂಟೆ ಆಗುತ್ತದೆ.) ಕೂಲಿಗೀಲಿ ಏನೂ ಇಲ್ಲಮ್ಮ, ಸುಮ್ಮನೆ ಹೋಗೋದು ಎಂದೆ. ಆ ಕಡೆ ಸದ್ದಿಲ್ಲ. ಲೈನು ಕಟ್ಟಾಯಿತೇನೋ ಅಂದುಕೊಂಡೆ.

"ಕುದುರೆ ನಿಂದಾ?"

"ಅಲ್ಲ."

"ಮತ್ತೆ ಯಾರದು?"

"ಗೊತ್ತಿಲ್ಲಮ್ಮ. ಯಾರಯಾರದೋ."

"ನೀನು ಹತ್ತಿ ಓಡಾಡ್ತೀಯಾ?"

"ಇಲ್ಲ. ನಂಗೆ ಕುದುರೆ ಅಂದ್ರೆ ಭಯ."

ಅಮ್ಮ ಮುಂದೆ ಕೇಳಲಿಲ್ಲ. ಕೇಳದಿದ್ದದ್ದು ಏನೆಂದು ನನಗೆ ಗೊತ್ತು. ಹೈಸ್ಕೂಲಿನಲ್ಲಿ ಗಣಿತಕ್ಕೆ ಅಂಕ ಕಮ್ಮಿ ಬಂದಾಗಲೆಲ್ಲ ಹಿತ್ತಲ ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ತೋರಿಸಿ, "ಓದ್ದೇ ಇದ್ರೆ ಇದನ್ನ ಹಿಡೀಬೇಕಾಗುತ್ತೆ ನೋಡು" ಅನ್ನುತ್ತಿದ್ದಳು. ಆ ಗುದ್ದಲಿಗೆ ಹೆದರಿಯೇ ನಾನು ಓದಿದೆ. ಇಂಜಿನಿಯರಾದೆ, ಕಂಪ್ಯೂಟರಿನ ಕೆಲಸ ಹಿಡಿದೆ, ಸಮುದ್ರ ದಾಟಿದೆ. ಇಷ್ಟೆಲ್ಲ ಆಗಿ, ಐವತ್ತನೆಯ ವಯಸ್ಸಿಗೆ, ಪರದೇಶದ ಮಳೆಯಲ್ಲಿ, ಪುಕ್ಕಟೆಯಾಗಿ ಗುದ್ದಲಿ ಹಿಡಿದು ನಿಂತಿದ್ದೇನೆ. ಇಲ್ಲಿ ಅದಕ್ಕೆ ಮ್ಯಾಟಕ್ ಅನ್ನುತ್ತಾರೆ. ಹೆಸರು ಬದಲಾದರೇನು, ಸೊಂಟ ಹಿಡಿಯುವ ಜಾಗ ಅದೇ.

ಹೆಂಡತಿಯ ತಕರಾರು ಬೇರೆ ತೆರನಾದ್ದು. "ಹಿತ್ತಲ ಹುಲ್ಲು ಮೊಣಕಾಲುದ್ದ ಬೆಳೆದಿದೆ. ಅದನ್ನ ಕತ್ತರಿಸ್ಬೇಕು ಅಂದ್ರೆ ನಾನೂ ಒಂದು ಕುದುರೆ ತರಿಸ್ಬೇಕೇನ್ರೀ?" ಅಡುಗೆಮನೆಯ ಕಿಟಕಿಯಲ್ಲಿ ಒಂದು ಕರಿಬೇವಿನ ಗಿಡವಿದೆ. ಲಂಡನ್ನಿನ ಸೌತ್‌ಹಾಲ್‌ನಿಂದ ಕಾರಿನ ಸೀಟ್ ಬೆಲ್ಟ್ ಬಿಗಿದು ತಂದದ್ದು. ಎರಡು ವರ್ಷದಿಂದ ಏಳೆಂಟು ಎಲೆಗಳಲ್ಲೇ ಜೀವ ಹಿಡಿದುಕೊಂಡಿದೆ. ಊರ ದಾರಿಗೆಲ್ಲ ಸೇವೆ ಮಾಡುವವರು ಇದಕ್ಕೊಂದಿಷ್ಟು ಮಾಡಬಾರದೇ ಎಂಬುದು ಅವಳ ಎರಡನೆಯ ಆಕ್ಷೇಪ.

ಇದೆಲ್ಲ ಶುರುವಾದದ್ದು ಕಾಗುಣಿತದ ತಪ್ಪಿನಿಂದ. ಈ ಊರಿಗೆ ಬಂದ ಹೊಸದರಲ್ಲಿ ಕಾಡಂಚಿನಲ್ಲಿ ನಡೆಯುವಾಗ ಒಂದು ಮರದ ಕಂಬ ಕಂಡಿತು. ಮೇಲೆ 'ಪಬ್ಲಿಕ್ ಬ್ರೈಡಲ್‌ವೇ' ಎಂದಿತ್ತು. ನಾನು ಬ್ರೈಡ್ ಎಂದು ಓದಿಕೊಂಡು, ಮದುವೆ ಹೆಣ್ಣನ್ನು ಚರ್ಚಿಗೆ ಕರೆದೊಯ್ಯುತ್ತಿದ್ದ ದಾರಿಯಿರಬೇಕು, ಎಂಥಾ ಸಂಸ್ಕೃತಿ ಎಂದು ಹೆಂಡತಿಗೆ ಐದು ನಿಮಿಷ ವಿವರಿಸಿದೆ. ದಾರಿಯ ತುಂಬ ಕೆಸರು. ಇಂಥ ಕೆಸರಿನಲ್ಲಿ ಯಾವ ಹೆಣ್ಣು ಬರ್ತಾಳ್ರೀ ಎಂದು ಅವಳು ಕೇಳಿದಾಗ, ತವರಿನ ಮೇಲೆ ಆಸೆ ಕಮ್ಮಿಯಾಗಲಿ ಅಂತ ಮಾಡಿರ್ತಾರೆ ಎಂದು ಸಮರ್ಥಿಸಿಕೊಂಡೆ. ಅಷ್ಟರಲ್ಲಿ ಎದುರಿನಿಂದ ಹೆಣ್ಣೇ ಬಂದಳು, ಆದರೆ ಕುದುರೆಯ ಮೇಲೆ. ಬ್ರೈಡಲ್ ಎಂದರೆ ಕುದುರೆಯ ಕಡಿವಾಣ, ಲಗಾಮು. ಒಂದು ಅಕ್ಷರ ಆಚೀಚೆಯಾದರೆ ಮದುವೆ, ಇಲ್ಲದಿದ್ದರೆ ಕಡಿವಾಣ. ಇಂಗ್ಲಿಷಿನವರಿಗೆ ಇದರಲ್ಲಿ ಹೆಚ್ಚಿನ ವ್ಯತ್ಯಾಸ ಕಂಡಿರಲಿಕ್ಕಿಲ್ಲ.

ಇಲ್ಲಿ ಹೊಲಗದ್ದೆಗಳ ನಡುವೆ ಹಾಯುವ ಸಾರ್ವಜನಿಕ ದಾರಿಗಳಿಗೆ ವರ್ಣಾಶ್ರಮವೇ ಇದೆ. ಕಂಬದ ಮೇಲೆ ಹಳದಿ ಬಾಣವಿದ್ದರೆ ಬರೀ ಕಾಲುದಾರಿ. ನೀಲಿ ಬಾಣವಿದ್ದರೆ ಕುದುರೆಗೂ ಹಕ್ಕಿದೆ. 1968ರಿಂದ ಸೈಕಲ್ಲಿನವರಿಗೂ ಅದರಲ್ಲಿ ಪಾಲು ಸಿಕ್ಕಿದೆ, ಆದರೆ ನಡೆಯುವವರಿಗೂ ಕುದುರೆಯವರಿಗೂ ಅವರು ದಾರಿ ಬಿಡಬೇಕು. ನೇರಳೆ ಬಾಣ, ಕೆಂಪು ಬಾಣ ಎಂದು ಮತ್ತೆರಡು ಜಾತಿಗಳಿವೆ, ಅವುಗಳ ತಂಟೆ ನಮಗೆ ಬೇಡ. ಇಂಗ್ಲೆಂಡಿನ ಇಂಥ ಒಟ್ಟು ದಾರಿಗಳಲ್ಲಿ ನೂರಕ್ಕೆ ಸುಮಾರು 22ರಷ್ಟರ ಮೇಲೆ ಮಾತ್ರ ಕುದುರೆ ಕಾಲಿಡಬಹುದು. ಉಳಿದ ಕಡೆ ಡಾಂಬರು ರಸ್ತೆಯೇ ಗತಿ. ಅಲ್ಲಿ ಕಾರುಗಳು. 2022ರಲ್ಲಿ ತಿದ್ದಿದ ರಸ್ತೆ ನಿಯಮಗಳ ಪ್ರಕಾರ ಕುದುರೆ ಕಂಡರೆ ಗಂಟೆಗೆ ಹತ್ತು ಮೈಲಿಗಿಂತ ನಿಧಾನವಾಗಿ, ಎರಡು ಮೀಟರು ಜಾಗ ಬಿಟ್ಟು ಹೋಗಬೇಕು. ಕುದುರೆಗೆ ಈ ನಿಯಮ ಗೊತ್ತಿಲ್ಲವಾದ್ದರಿಂದ ಅದು ತನ್ನ ಪಾಡಿಗೆ ಹೆದರುತ್ತದೆ.

ಇನ್ನೂ ಒಂದು ಸಂಗತಿ ನನಗೆ ಬಹಳ ಖುಷಿ ಕೊಟ್ಟಿತು. ಇಲ್ಲಿನ ಕಾನೂನಿನ ಕಣ್ಣಿನಲ್ಲಿ ಈ ಕೆಸರು ದಾರಿ ಒಂದು 'ಹೈವೇ'. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಬಿಡುವುದಿಲ್ಲ. ಇಲ್ಲಿನ ಹೆದ್ದಾರಿಯಲ್ಲಿ ಕುದುರೆ, ನಾನು ಮತ್ತು ಬಸವನಹುಳು ಮೂವರಿಗೂ ಸರಿಸಮನಾದ ಹಕ್ಕು. ವೇಗದಲ್ಲೂ ಹುಳುವಿಗೂ ನನಗೂ ಹೆಚ್ಚು ಅಂತರವಿಲ್ಲ.

ಒಮ್ಮೆ ಇದೇ ಹೆದ್ದಾರಿಯನ್ನು ಬ್ರಾಂಬಲ್ ಮುಳ್ಳು ಪೂರ್ತಿ ನುಂಗಿಹಾಕಿತು. ಬ್ರಾಂಬಲ್ ಎಂದರೆ ಕಪ್ಪು ಹಣ್ಣು ಬಿಡುವ ಮುಳ್ಳುಬಳ್ಳಿ. ಬಾಗಿದ ತುದಿ ನೆಲಕ್ಕೆ ತಾಗಿದಲ್ಲೆಲ್ಲ ಬೇರು ಬಿಟ್ಟು ಮುಂದಕ್ಕೆ ಜಿಗಿಯುತ್ತದೆ. ನಮ್ಮ ಲಾಂಟಾನಕ್ಕೆ ಚಿಕ್ಕಮ್ಮನ ಮಗಳು ಅನ್ನಬಹುದು. ಇಲ್ಲಿನ ಕಚೇರಿಗೆ ನಾನು ಬರೆದುಕೊಟ್ಟ ದೂರಿಗೆ ವಿನಯದ ಉತ್ತರ ಬಂತು: ತಮ್ಮ ಕಾಳಜಿಗೆ ಧನ್ಯವಾದ, ಶನಿವಾರ ಒಂಬತ್ತೂವರೆಗೆ ಸ್ವಯಂಸೇವಕರು ಅಲ್ಲೇ ಸೇರುತ್ತಾರೆ, ತಾವೂ ಬರಬಹುದು, ಗಟ್ಟಿ ಬೂಟು ಹಾಕಿಕೊಂಡು ಬನ್ನಿ. ದೂರು ಕೊಟ್ಟವನನ್ನೇ ಪರಿಹಾರವನ್ನಾಗಿ ಮಾಡಿಕೊಳ್ಳುವ ಈ ಜಾಣತನ ನಮ್ಮ ಕಚೇರಿಗಳಿಗೆ ಇನ್ನೂ ಹೊಳೆದಿಲ್ಲ.

ಹೋದೆ. ಹತ್ತು ಜನ ಇದ್ದರು, ನನ್ನನ್ನು ಬಿಟ್ಟರೆ ಎಲ್ಲರೂ ಅರವತ್ತು ದಾಟಿದವರು. ಅವರ ಮುಖಂಡರು ನಿವೃತ್ತ ಭೂಗೋಳದ ಮೇಷ್ಟ್ರು. ಎಪ್ಪತ್ತಮೂರು ವರ್ಷ, ಕಡ್ಡಿಯಂಥ ಮೈ, ಕುಡುಗೋಲಿನಂಥ ಮೂಗು. ನಾನು ಅವರನ್ನು ಮನಸ್ಸಿನಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ. ಬಾಯಲ್ಲಿ ಇಲ್ಲಿನ ಪದ್ಧತಿಯಂತೆ ಹೆಸರು ಹಿಡಿದು ಕರೆಯಬೇಕು, ಪ್ರತಿ ಸಲವೂ ನಾಲಿಗೆ ಕೊಂಚ ತೊದಲುತ್ತದೆ. ಮೊದಲ ಹದಿನೈದು ನಿಮಿಷ ಸುರಕ್ಷತೆಯ ಪಾಠ. ಗರಗಸವನ್ನು ಹೇಗೆ ಮಡಚಬೇಕು, ಗುದ್ದಲಿ ಎತ್ತುವಾಗ ಪಕ್ಕದವರು ಎಷ್ಟು ದೂರ ಇರಬೇಕು, ಆಂಬುಲೆನ್ಸ್ ಕರೆಯಬೇಕಾದರೆ ಜಾಗದ ಗುರುತು ಏನು ಹೇಳಬೇಕು. ನನ್ನ ತಾತ ಐವತ್ತು ವರ್ಷ ಗುದ್ದಲಿ ಹಿಡಿದರು, ಒಂದು ದಿನವೂ ಯಾರೂ ಅವರಿಗೆ ಇದನ್ನು ಓದಿ ಹೇಳಲಿಲ್ಲ. ಅವರ ಎಡಗಾಲಿಗೆ ನಾಲ್ಕೇ ಬೆರಳಿತ್ತು.

ನನಗೆ ವಹಿಸಿದ್ದು ಚರಂಡಿ ತೆಗೆಯುವ ಕೆಲಸ. ಗುದ್ದಲಿ ಹಿಡಿದ ಭಂಗಿಯಲ್ಲೇ ಇವನು ರೈತನ ಮೊಮ್ಮಗ ಎಂದು ಕಂಡಿರಬೇಕು ಎಂದು ಒಳಗೊಳಗೇ ಹಿಗ್ಗಿದೆ. ಕುದುರೆ ದಾರಿಗೆ ನಿಜವಾದ ಶತ್ರು ಮುಳ್ಳಲ್ಲ, ನೀರು. ಸವಾರಿ ಕುದುರೆ ಐನೂರು ಕಿಲೋ ತೂಗುತ್ತದೆ. ನಾಲ್ಕು ಗೊರಸಿನ ಮೇಲೆ ಆ ಭಾರ ಊರಿದಾಗ ಹಸಿ ಮಣ್ಣಿನಲ್ಲಿ ಬಟ್ಟಲಿನಂಥ ಕುಳಿ ಬೀಳುತ್ತದೆ. ಬಟ್ಟಲಲ್ಲಿ ನೀರು ನಿಲ್ಲುತ್ತದೆ. ನೀರು ನಿಂತ ಮಣ್ಣು ಇನ್ನೂ ಮೆತ್ತಗಾಗಿ ಮುಂದಿನ ಗೊರಸಿಗೆ ಇನ್ನೂ ದೊಡ್ಡ ಕುಳಿ. ಹೊಂಡವನ್ನು ತಪ್ಪಿಸಲು ಸವಾರರು ಪಕ್ಕಕ್ಕೆ ಸರಿಯುತ್ತಾರೆ, ಪಕ್ಕವೂ ಹೊಂಡವಾಗುತ್ತದೆ. ಹೀಗೆ ಒಂದು ಚಳಿಗಾಲ ಕಳೆಯುವುದರೊಳಗೆ ಆರಡಿ ದಾರಿ ಇಪ್ಪತ್ತಡಿಯ ಕೆಸರುಗದ್ದೆ. ಅದಕ್ಕೇ ಇಳಿಜಾರಿನಲ್ಲಿ ಅಲ್ಲಲ್ಲಿ ದಾರಿಗೆ ಓರೆಯಾಗಿ ಪುಟ್ಟ ಕಾಲುವೆ ತೋಡಿ ನೀರನ್ನು ಪಕ್ಕದ ಹಳ್ಳಕ್ಕೆ ದಾಟಿಸುತ್ತಾರೆ. ಈ ಕಡೆಯ ಚಿಲ್ಟರ್ನ್ ಗುಡ್ಡಗಳಲ್ಲಿ ಈ ಕೆಲಸ ಸುಲಭವಲ್ಲ. ಕೆಳಗೆ ಸುಣ್ಣಕಲ್ಲು, ಮೇಲೆ ಅಂಟು ಜೇಡಿ, ಜೇಡಿಯೊಳಗೆ ಚಕಮಕಿ ಕಲ್ಲು. ಗುದ್ದಲಿ ಮೂರನೆಯ ಏಟಿಗೆ ಒಮ್ಮೆ ಕಿಡಿ ಹಾರಿಸುತ್ತದೆ. ಗುಡ್ಡ ಎಂದೆ. ಇದರ ತುತ್ತತುದಿ 267 ಮೀಟರು. ತಿಪಟೂರು ಬಸ್ ಸ್ಟ್ಯಾಂಡು ಇದಕ್ಕಿಂತ ಎಷ್ಟೋ ಎತ್ತರದಲ್ಲಿದೆ. ಆದರೂ ಪಾಪ, ಇಲ್ಲಿನವರು ಏರುವಾಗ ಬೆಟ್ಟ ಹತ್ತುವವರ ಹಾಗೇ ಏದುಸಿರು ಬಿಡುತ್ತಾರೆ, ನಾನೂ ಬಿಡುತ್ತೇನೆ.

ಒಂದು ಗಂಟೆ ಬೆವರು ಸುರಿಸಿ ಕಾಲುವೆ ತೋಡಿದೆ. ಎರಡೂ ದಡ ದಾರ ಹಿಡಿದಂತೆ ನೇರ, ತಳ ಹಲಗೆಯ ಹಾಗೆ ಸಪಾಟು. ಕಂಪ್ಯೂಟರಿನವನ ಕೆಲಸ ಅಂದರೆ ಹೀಗಿರಬೇಕು ಎನಿಸಿ ಫೋಟೋ ಕೂಡ ತೆಗೆದೆ. ಮೇಷ್ಟ್ರು ಬಂದರು, ತಲೆ ಓರೆ ಮಾಡಿ ನೋಡಿದರು, ಏನೂ ಅನ್ನಲಿಲ್ಲ. ಬ್ಯಾಗಿನಿಂದ ಫ್ಲಾಸ್ಕು ತೆಗೆದು, ಮುಚ್ಚಳಕ್ಕೆ ಟೀ ಬಗ್ಗಿಸಿಕೊಂಡು, ಅದರಲ್ಲಿ ಅರ್ಧವನ್ನು ನನ್ನ ಕಾಲುವೆಯ ಮೇಲ್ತುದಿಗೆ ಸುರಿದರು. ನಾವಿಬ್ಬರೂ ಬಗ್ಗಿ ನೋಡುತ್ತ ನಿಂತೆವು. ಹಾಲು ಬೆರೆತ ಆ ಟೀ ಎರಡು ಗೇಣು ಮುಂದೆ ಬಂತು, ನಿಂತಿತು, ಸ್ವಲ್ಪ ಯೋಚಿಸಿತು, ನಿಧಾನವಾಗಿ ನನ್ನ ಬೂಟಿನ ಕಡೆಗೇ ವಾಪಸು ಹೊರಟಿತು. "ವೆರಿ ನೀಟ್" ಎಂದರು ಮೇಷ್ಟ್ರು. ಆ ಎರಡು ಪದಗಳಲ್ಲಿ ಬೈಗುಳ ಇತ್ತು ಎಂದು ನನಗೆ ಮನೆಗೆ ಬಂದಮೇಲೆ ಹೊಳೆಯಿತು. ತಾತನಾಗಿದ್ದರೆ ತೆಂಗಿನ ಪಾತಿಗೆ ನೀರು ತಿರುಗಿಸುವಾಗ ಕಾಲಿನ ಹೆಬ್ಬೆರಳಲ್ಲೇ ಇಳಿಜಾರು ಕಂಡುಕೊಳ್ಳುತ್ತಿದ್ದರು. ಆ ವಿದ್ಯೆ ಬರಬಾರದು ಎಂದೇ ನನ್ನನ್ನು ಓದಿಸಿದ್ದಲ್ಲವೇ?

ಟೀ ವಿರಾಮ ಹನ್ನೊಂದಕ್ಕೆ. ಅದು ತಪ್ಪುವುದಿಲ್ಲ, ಸಿಡಿಲು ಬಡಿದರೂ. ನಾನು ಕೋಡುಬಳೆ ಒಯ್ದಿದ್ದೆ. ಒಬ್ಬ ಹೆಂಗಸು ಅದನ್ನು ಬೆಳಕಿಗೆ ಹಿಡಿದು ನೋಡಿ, ನಮ್ಮ ಕೆಲಸಕ್ಕೆಂದೇ ಕುದುರೆ ಲಾಳದ ಬಿಸ್ಕತ್ತು ಮಾಡಿಸಿ ತಂದಿದ್ದೀರಾ ಎಂದು ಕಣ್ಣರಳಿಸಿದರು. ಹೌದು ಎಂದುಬಿಟ್ಟೆ. ಹೆಂಡತಿ ಸುತ್ತುವಾಗ ತುದಿಗಳು ಸರಿಯಾಗಿ ಕೂಡಿಕೊಂಡಿಲ್ಲ ಎಂದು ವಿವರಿಸುವುದಕ್ಕಿಂತ ಇದೇ ಮೇಲು. ಅಂದಿನಿಂದ ನನ್ನನ್ನು ಗುಂಪಿಗೆ ಸೇರಿಸಿಕೊಂಡದ್ದು ಗುದ್ದಲಿಗಲ್ಲ, ಲಾಳಕ್ಕೆ.

ಬೇಸಿಗೆಯ ಕೆಲಸ ಬೇರೆ, ಚಳಿಗಾಲದ್ದು ಬೇರೆ. ಬೇಲಿ, ಮರದ ಕೊಂಬೆ ಕಡಿಯುವುದೆಲ್ಲ ಚಳಿಗಾಲಕ್ಕೆ. ಮಾರ್ಚಿನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟಿರುತ್ತವೆ, ಮುಟ್ಟುವಂತಿಲ್ಲ. ಆಗ ನೆಟ್ಲ್ ಗಿಡದ ಸರದಿ. ನಮ್ಮ ತುರಿಕೆ ಸೊಪ್ಪಿನ ಸಂಬಂಧಿಯೇ. ಪ್ಯಾಂಟಿನ ಬಟ್ಟೆ ದಾಟಿ ಕಚ್ಚುತ್ತದೆ. ಕಚ್ಚಿದ ಜಾಗಕ್ಕೆ ಅಲ್ಲೇ ಪಕ್ಕದಲ್ಲಿ ಬೆಳೆಯುವ ಡಾಕ್ ಎಲೆ ಉಜ್ಜಬೇಕು ಎಂದು ಇಲ್ಲಿನ ಅಜ್ಜಿಯರ ಮದ್ದು. ಉಜ್ಜಿದೆ. ಉರಿ ಹೋಗಲಿಲ್ಲ, ಕೈ ಹಸಿರಾಯಿತು. ಜುಲೈನಲ್ಲಿ ರಾಗ್‌ವರ್ಟ್ ಹೂ ಬಿಡುತ್ತದೆ. ದೂರದಿಂದ ನೋಡಿದರೆ ಹುಚ್ಚೆಳ್ಳು ಹೊಲ ನೆನಪಾಗುವಂಥ ಹಳದಿ. ಎಷ್ಟು ಚೆಂದವೋ ಅಷ್ಟು ವಿಷ. ಕುದುರೆ ತಿಂದರೆ ಯಕೃತ್ತು ಹಾಳಾಗುತ್ತದೆ. ಹಸಿಯಿದ್ದಾಗ ಕಹಿಯೆಂದು ಕುದುರೆಯೇ ಬಿಟ್ಟುಬಿಡುತ್ತದೆ. ಕಿತ್ತು ಅಲ್ಲೇ ಎಸೆದರೆ ಒಣಗಿ ಕಹಿ ಕಮ್ಮಿಯಾಗಿ, ಹುಲ್ಲಿನ ಜೊತೆ ಬಾಯಿಗೆ ಹೋಗುತ್ತದೆ. ಹಾಗಾಗಿ ಕಿತ್ತದ್ದನ್ನು ಚೀಲಕ್ಕೆ ತುಂಬಿ ಹೊತ್ತು ತರಬೇಕು. ಈ ಗಿಡದ ನಿಯಂತ್ರಣಕ್ಕೆಂದೇ 2003ರಲ್ಲಿ ಇಲ್ಲಿನ ಸಂಸತ್ತು ಒಂದು ಕಾಯ್ದೆ ಮಾಡಿತು. ಆದರೂ ಅದರ ಎಲೆಯನ್ನೇ ನಂಬಿ ಬದುಕುವ, ಹಳದಿ ಕಪ್ಪು ಪಟ್ಟೆಯ ಒಂದು ಕಂಬಳಿಹುಳು ಇದೆ. ಅದು ಕಂಡರೆ ನಮ್ಮ ಗುಂಪಿನಲ್ಲಿ ಎರಡು ಪಕ್ಷವಾಗುತ್ತದೆ: ಹುಳದ ಪಕ್ಷ, ಕುದುರೆಯ ಪಕ್ಷ. ಚರ್ಚೆ ಟೀ ವಿರಾಮದವರೆಗೆ ನಡೆಯುತ್ತದೆ.

ಚಳಿಗಾಲದಲ್ಲಿ ಕತ್ತೆತ್ತಿ ಮಾಡುವ ಕೆಲಸ. ನಡೆಯುವವನಿಗೆ ದಾರಿ ಬಿಡಿಸಲು ಏಳಡಿ ಎತ್ತರ ಸಾಕು. ಕುದುರೆ, ಅದರ ಮೇಲೆ ಮನುಷ್ಯ, ಮನುಷ್ಯನ ಮೇಲೆ ಟೊಪ್ಪಿಗೆ, ಎಲ್ಲ ಸೇರಿದರೆ ಹನ್ನೊಂದು ಹನ್ನೆರಡು ಅಡಿ ಎತ್ತರದವರೆಗೆ ಕೊಂಬೆ ಇರಬಾರದು. ಉದ್ದ ಕೋಲಿನ ಗರಗಸ ಹಿಡಿದು, ಇಲ್ಲದ ಸವಾರನೊಬ್ಬನನ್ನು ಕಲ್ಪಿಸಿಕೊಂಡು, ಅವನ ಹಣೆಗೆ ತಾಗುವ ಕೊಂಬೆ ಯಾವುದು ಎಂದು ಹುಡುಕುತ್ತ ನಡೆಯುತ್ತೇನೆ. ಕತ್ತು ನೋಯುವಾಗ ಜೈಮಿನಿ ಭಾರತ ನೆನಪಾಗುತ್ತದೆ. ಯಾಗದ ಕುದುರೆ ಮನಸ್ಸು ಬಂದತ್ತ ನುಗ್ಗಿತು, ಹಿಂದೆ ಅರ್ಜುನ ಸೈನ್ಯ ಸಮೇತ ಹೋದ. ಕಟ್ಟಿಹಾಕಿದವರ ಕಥೆಯಿದೆ, ಬಿಡಿಸಿಕೊಂಡವರ ಕಥೆಯಿದೆ. ಆ ಕುದುರೆಗೆ ಅಡ್ಡ ಬಂದ ಮುಳ್ಳುಕಂಟಿ ಸವರಿದವರು ಯಾರು? ಅವರನ್ನು ಕವಿ ಲಕ್ಷ್ಮೀಶ ಮಾತಾಡಿಸಿದಂತಿಲ್ಲ. ಅವರಿಗೂ ಹನ್ನೊಂದು ಗಂಟೆಗೆ ಏನಾದರೂ ಸಿಗುತ್ತಿತ್ತೋ ಇಲ್ಲವೋ.

ಭಯದ ವಿಷಯ ಹೇಳಿದೆನಲ್ಲ. ಚಿಕ್ಕವನಿದ್ದಾಗ ತಿಪಟೂರಿನಲ್ಲಿ ಜಟಕಾ ಹತ್ತುವ ಮುಂಚೆ ಕುದುರೆಯ ಹಿಂದಿನಿಂದ ಹಾದುಹೋದೆ. ಅದು ಒದೆಯಲಿಲ್ಲ. ಸುಮ್ಮನೆ ಬಾಲ ಬೀಸಿತು, ಕಣ್ಣಿಗೆ ತಗುಲಿತು. ಕುದುರೆ ಕಂಡರೆ ಕಾಲು ನೋವು ಎಂಬ ಗಾದೆ ನಮ್ಮಲ್ಲಿದೆ, ಸವಾರಿ ಸಿಗುತ್ತದೆ ಎಂದಾಗ ಬರುವ ಸೋಮಾರಿ ನೋವು ಅದು. ನನಗೆ ಬರುವುದು ನಿಜವಾದ ನೋವು, ಓಡಿಬಿಡಲೇ ಎಂದು ಕಾಲು ಕೇಳುವ ನೋವು. ಇದನ್ನು ಒಂದು ದಿನ ಸವಾರಿಯ ಹೆಂಗಸೊಬ್ಬರಿಗೆ ಹೇಳಿಕೊಂಡಾಗ ಅವರು ನಕ್ಕು, ಇದಕ್ಕೆ ನಿಮಗಿಂತ ಹೆಚ್ಚು ಭಯ ಎಂದರು. ಕುದುರೆ ಇನ್ನೊಂದರ ಬಾಯಿಗೆ ಬೀಳುವ ಜಾತಿಯ ಪ್ರಾಣಿ. ಕಣ್ಣು ಎರಡೂ ಪಕ್ಕದಲ್ಲಿ, ಸುತ್ತಲೂ ಕಾಣುತ್ತದೆ, ಬಾಲದ ಹಿಂದೆ ಮತ್ತು ಮೂಗಿನ ತುದಿಯಲ್ಲಿ ಮಾತ್ರ ಕಾಣುವುದಿಲ್ಲ. ಐನೂರು ಕಿಲೋ ಮೈ ಹೊತ್ತು ಅದು ಹೆದರುವುದು ಯಾವುದಕ್ಕೆ? ಬೇಲಿಗೆ ಸಿಕ್ಕಿಕೊಂಡು ಪಟಪಟ ಅನ್ನುವ ಪ್ಲಾಸ್ಟಿಕ್ ಕವರಿಗೆ. ಚಿಪ್ಸ್ ಪೊಟ್ಟಣಕ್ಕೆ. ಬಾಯಿ ಬಿಡದೆ ಪೊದೆ ಹಿಂದೆ ಬಗ್ಗಿ ಕೂತ ಸ್ವಯಂಸೇವಕನಿಗೆ. ಆದ್ದರಿಂದ ಕುದುರೆ ಬರುವುದು ಕಂಡರೆ ನಾವು ಕೆಲಸ ನಿಲ್ಲಿಸಿ, ಗರಗಸ ಕೆಳಗಿಟ್ಟು, ಎದ್ದು ನಿಂತು, ಏನಾದರೂ ಮಾತಾಡಬೇಕು. ಮಾತು ಕೇಳಿದರೆ ಇದು ಮನುಷ್ಯ ಎಂದು ಅದಕ್ಕೆ ಸಮಾಧಾನವಂತೆ. ಮನುಷ್ಯ ಎಂದು ಗೊತ್ತಾಗಿಯೂ ಸಮಾಧಾನಪಡುವ ಪ್ರಾಣಿಯನ್ನು ನಾನು ಬೇರೆ ಕಂಡಿಲ್ಲ. ನಾನು ಕನ್ನಡದಲ್ಲೇ ಮಾತಾಡಿಸುತ್ತೇನೆ. "ಬಾಪ್ಪಾ, ಹೋಗಪ್ಪಾ, ಏನೂ ಮಾಡಲ್ಲ" ಎಂದರೆ ಕಿವಿ ನನ್ನ ಕಡೆ ತಿರುಗುತ್ತದೆ. ಆ ಮಾತು ಅರ್ಧ ಅದಕ್ಕೆ, ಅರ್ಧ ನನಗೆ.

ಮಳೆ ಜೋರಾದ ಶನಿವಾರಗಳಲ್ಲಿ ಮೇಷ್ಟ್ರು ಮನೆಯಲ್ಲಿ ಕೂತು ಬೇರೆ ಕೆಲಸ ಮಾಡುತ್ತಾರೆ. ಅದು ನಕ್ಷೆ ಓದುವುದು. 1949ರ ಕಾಯ್ದೆಯ ಪ್ರಕಾರ ಸಾರ್ವಜನಿಕ ದಾರಿಗಳನ್ನೆಲ್ಲ ಅಧಿಕೃತ ನಕ್ಷೆಯಲ್ಲಿ ಗುರುತಿಸಬೇಕಿತ್ತು. ಆಗ ಬಿಟ್ಟುಹೋದವು ಎಷ್ಟೋ. ಅಂಥವನ್ನು 2026ರ ಜನವರಿ 1ರೊಳಗೆ ಸೇರಿಸದಿದ್ದರೆ ಹಕ್ಕು ಹೋಯಿತು ಎಂದು 2000ದ ಕಾಯ್ದೆ ಗಡುವು ಇಟ್ಟಿತು. ಗಡುವು 2031ಕ್ಕೆ ಸರಿಯಿತು, 2024ರ ಡಿಸೆಂಬರಿನಲ್ಲಿ ಅದನ್ನೇ ತೆಗೆದುಹಾಕುತ್ತೇವೆ ಎಂದು ಸರ್ಕಾರ ಹೇಳಿತು. ಮೇಷ್ಟ್ರಿಗೆ ಯಾವ ಸರ್ಕಾರದ ಮೇಲೂ ನಂಬಿಕೆಯಿಲ್ಲ, ಹುಡುಕುತ್ತಲೇ ಇದ್ದಾರೆ. ಬೆಳೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುವ ಪದ್ಧತಿಯನ್ನು ಹಣಕ್ಕೆ ಬದಲಿಸಲು 1836ರಲ್ಲಿ ಕಾನೂನು ಬಂದಾಗ 11,000ಕ್ಕೂ ಹೆಚ್ಚು ಊರುಗಳ ನಕ್ಷೆ ಬರೆಸಿದರು. ಅಂಥ ಒಂದರ ಮೇಲೆ ಭೂತಗನ್ನಡಿ ಇಟ್ಟು ನನ್ನನ್ನು ಕರೆದು ತೋರಿಸಿದರು. ಎರಡು ಹೊಲಗಳ ನಡುವೆ ಸಣ್ಣ ಕಂದು ಪಟ್ಟಿ. ಈಗ ಅಲ್ಲಿ ಪೂರ್ತಿ ಮುಳ್ಳುಪೊದೆ.

"ಇದು ನಕಾಶೆ ಕಂಡ ದಾರಿ" ಎಂದು ನನ್ನ ಬಾಯಿಂದ ಕನ್ನಡವೇ ಬಂತು. ಅರ್ಥ ಕೇಳಿದರು. ಹೇಳಹೋಗಿ ಅರ್ಧ ಗಂಟೆಯಾಯಿತು. ನಮ್ಮ ಕಡೆ ಗ್ರಾಮ ನಕ್ಷೆಯಲ್ಲೂ ಕಾಲುದಾರಿ, ಬಂಡಿದಾರಿ ಎಂದು ಗೆರೆಗಳಿರುತ್ತವೆ. ಅಂಥ ದಾರಿಯ ಜಾಗಕ್ಕೆ ಪಹಣಿಯಲ್ಲಿ ಬಿ ಖರಾಬು ಎಂದು ಹೆಸರು. ಸಾಗುವಳಿಗೆ ಬರುವುದಿಲ್ಲ, ಕಂದಾಯವಿಲ್ಲ, ಆದ್ದರಿಂದ ಖರಾಬು. ಊರಿನವರೆಲ್ಲ ಓಡಾಡುವ ಜಾಗಕ್ಕೆ ಇಟ್ಟ ಹೆಸರು ನೋಡಿ! ನಮ್ಮ ತೋಟಕ್ಕೆ ಹೋಗುವ ಬಂಡಿದಾರಿಯೂ ಹಾಗೇ ನಕಾಶೆಯಲ್ಲಿದೆ. ಎತ್ತಿನ ಗಾಡಿಗಳು ನಿಂತ ಮೇಲೆ ಎರಡೂ ಕಡೆಯವರು ವರ್ಷಕ್ಕೊಂದು ಸಾಲು ಒಳಗೆ ಉತ್ತುಕೊಂಡು ಬಂದರು. ಒಂದು ಕಡೆಯವರು ನಮ್ಮ ಸೋದರಮಾವ. ಇನ್ನೊಂದು ಕಡೆಯವರು, ಹೇಳುವುದು ಕಷ್ಟ, ನಾವೇ. ಈಗ ಅಲ್ಲಿ ಎದುರಿಗೆ ಮೇಕೆ ಬಂದರೆ ಇಬ್ಬರಲ್ಲಿ ಒಬ್ಬರು ಹಿಂದಕ್ಕೆ ಹೋಗಬೇಕು. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, ಅಲ್ಲಿಗೆ ಸ್ವಯಂಸೇವಕರು ಶನಿವಾರ ಬರುತ್ತಾರೋ ಎಂದು ಕೇಳಿದರು. ಬರುತ್ತಾರೆ, ಸರ್ವೆಯರ್ ಜೊತೆ ಪೊಲೀಸೂ ಬರುತ್ತಾರೆ ಎಂದೆ.

ಹೋದ ತಿಂಗಳು ಒಂದು ಗೇಟು ನಿಲ್ಲಿಸಿದೆವು. ಕುದುರೆ ದಾರಿಯ ಗೇಟು ಕನಿಷ್ಠ ಐದು ಅಡಿ ಅಗಲವಿರಬೇಕು ಎಂದು ಕಾನೂನು. ಅಗುಳಿಗೆ ಉದ್ದನೆಯ ಹಿಡಿ, ಸವಾರ ಇಳಿಯದೆ ಕುಳಿತಲ್ಲಿಂದಲೇ ಎಳೆಯುವಂತೆ. ಇಳಿದರೆ ಮತ್ತೆ ಹತ್ತಲು ಎಲ್ಲರಿಗೂ ಆಗುವುದಿಲ್ಲ, ಅನೇಕ ಸವಾರರಿಗೂ ನಮ್ಮ ಗುಂಪಿನಷ್ಟೇ ವಯಸ್ಸು. ಕಂಬ ಹೂಳುವಾಗ ಈ ಸಲ ನಾನೇ ಫ್ಲಾಸ್ಕು ತೆಗೆದು ಟೀ ಸುರಿದು ನೀರಿನ ಹಾದಿ ನೋಡಿದೆ. ಮೇಷ್ಟ್ರು ತಮ್ಮ ಟೀಯನ್ನು ಪೂರ್ತಿ ಕುಡಿದರು. ತಲೆಯ ಮೇಲೆ ಕೆಂಪು ಹದ್ದುಗಳು ಸಿಳ್ಳೆ ಹಾಕುತ್ತ ಸುತ್ತುತ್ತಿದ್ದವು. ಇಂಗ್ಲೆಂಡಿನಲ್ಲಿ ಇವುಗಳ ವಂಶವೇ ನಿರ್ನಾಮವಾಗಿ, 1989ರಿಂದ 1994ರ ನಡುವೆ ಸ್ಪೇನಿನಿಂದ ಮರಿ ತಂದು ಈ ಗುಡ್ಡಗಳಲ್ಲಿ ಬಿಟ್ಟರಂತೆ. ನನ್ನ ಹಾಗೇ ಹೊರಗಿನಿಂದ ಬಂದವು. ಈಗ ಇಲ್ಲಿಯವೇ ಎಂಬ ಗತ್ತಿನಲ್ಲಿ ತೇಲುತ್ತವೆ.

ಕೊನೆಯ ಮೊಳೆ ಬಿಗಿಯುತ್ತಿದ್ದಾಗ ಗೊರಸಿನ ಸದ್ದು. ಕಂದು ಬಣ್ಣದ ಆಳೆತ್ತರದ ಕುದುರೆ, ಮೇಲೆ ಬೆಳ್ಳಿ ಕೂದಲಿನ ಹೆಂಗಸು. ನಾವೆಲ್ಲ ಎದ್ದು ನಿಂತೆವು. ನಾನು "ಬಾಪ್ಪಾ" ಎಂದೆ. ಆಕೆ ಬಗ್ಗಿ ಹಿಡಿ ಎಳೆದರು. ಗೇಟು ಬೆಣ್ಣೆಯಂತೆ ತೆರೆಯಿತು. ಕುದುರೆ ನನ್ನಿಂದ ಒಂದು ಮಾರು ದೂರದಲ್ಲಿ ಹಾದು, ಬಿಸಿ ಉಸಿರು ಬಿಟ್ಟು, ಆಚೆ ಹೋಗಿ ನಿಂತಿತು. ಗೇಟು ತಾನಾಗಿಯೇ ತಿರುಗಿ ಬಂದು ಟಕ್ಕೆಂದು ಮುಚ್ಚಿಕೊಂಡಿತು. ಆಕೆ ಥ್ಯಾಂಕ್ಯೂ ಎಂದು ಕೈಯೆತ್ತಿದರು. ಕುದುರೆಯೂ ಬಾಲ ಎತ್ತಿತು. ನಾವು ಆಗಷ್ಟೇ ಗುಡಿಸಿ ಅಣಿಮಾಡಿದ್ದ ನೆಲದ ನಟ್ಟನಡುವೆ ಹೊಗೆಯಾಡುವ ಒಂದು ರಾಶಿ.

ಎಲ್ಲರೂ ನಕ್ಕರು. ನಾನು ರಾಗ್‌ವರ್ಟ್ ತುಂಬಲು ತಂದಿದ್ದ ಖಾಲಿ ಚೀಲ ಬಿಚ್ಚಿದೆ.

ಸಂಜೆ ನಾನೇ ಅಮ್ಮನಿಗೆ ಫೋನು ಮಾಡಿದೆ. ಕೂಲಿ ಕೊಟ್ಟರು ಎಂದೆ. ಎಷ್ಟು ಎಂದಳು. ಅರ್ಧ ಚೀಲ, ಕರಿಬೇವಿನ ಗಿಡಕ್ಕೆ ಹಾಕ್ತೀನಿ ಎಂದೆ. ಈ ಸಲ ಅಮ್ಮನ ಉತ್ತರ ತಡವಾಗಲಿಲ್ಲ.

"ಹಸೀದು ಹಾಕಬೇಡ ಕಣೋ, ಗಿಡ ಸುಟ್ಟೋಗುತ್ತೆ. ಮೂರು ತಿಂಗಳು ಕೊಳೀಲಿ. ಇಷ್ಟೂ ಗೊತ್ತಿಲ್ವಾ? ಏನು ಓದಿದ್ಯೋ ಏನೋ."